ಎರಡು ಮಿಲಿಮೀಟರ್

ಬೂತ್‌ಟೌನ್ ಏರಿನಲ್ಲಿ ನಲವತ್ತೊಂದನೇ ಮನೆ.
ಹನ್ನೊಂದು ಮೆಟ್ಟಿಲು. ಹತ್ತು ಇಳಿದೆ.
ಹನ್ನೊಂದನೆಯದು ಉಂಟೆಂದು ಕಾಲಿಗೆ ನೆನಪಿರಲಿಲ್ಲ.
ಕೈಯಲ್ಲಿ ಮುಂದಿನ ಮನೆಯ ಗ್ಯಾಸಿನ ಬಿಲ್ಲು,
ಬೆರಳ ಮೇಲೆ ನಿಂತ ಪಾದವೂ ಒಂದು ಬಿಲ್ಲು,
ಬಾಗಿತು, ಬಾಗಿತು,
ಟಕ್.
ಒಣ ಬಟಾಣಿ ಒಡೆದಷ್ಟೇ ಸದ್ದು.

ಆಸ್ಪತ್ರೆಯ ಕ್ಷ-ಕಿರಣದ ಕೋಣೆಯಲ್ಲಿ ಗ್ಲೆನಿಸ್:
‘ಆ ಉಂಗುರ ತೆಗೀಬೇಕಲ್ಲ, ಚಿನ್ನಾ.’
(ಯಾರ್ಕ್‌ಷೈರಿನವರ ಅಕ್ಕರೆ ನನ್ನ ಕಿವಿಗೆ ಹೀಗೇ ಕೇಳುತ್ತದೆ.)
ಚಿನ್ನವಲ್ಲ, ಬೆಳ್ಳಿ. ಹತ್ತೊಂಬತ್ತು ವರ್ಷದ ಕಾಲುಂಗುರ.
ಸೋಪು, ನೀರು, ಮತ್ತೆ ಸೋಪು.

ಮಲಗಿಸಿ ಚಿತ್ರ ತೆಗೆದರು. ಏನೂ ಇಲ್ಲ.
ಉಳುಕು, ಅಂದರು.
ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ
ಉಳುಕು ಬಿಡುತ್ತದೆ, ಅನ್ನುತ್ತಿದ್ದಳು ಸೋದರತ್ತೆ.
ಹ್ಯಾಲಿಫ್ಯಾಕ್ಸಿನ ಮನೆಮನೆಗೂ ಕಾಗದ ಹಂಚುವ ನನಗೆ
ಅಂಥವರ ವಿಳಾಸ ಒಂದೂ ಗೊತ್ತಿಲ್ಲ.

ಆರನೇ ದಿನ ಅಂಗಾಲ ನಡುವೆ
ನೇರಳೆ ಹಣ್ಣು ಹಿಸುಕಿದ ಕಲೆ.
ಯಾರೂ ತಿರುಗಿಸಿ ನೋಡದ ಕಡೆ
ನೋವು ಒತ್ತಿದ ಠಸ್ಸೆ.

ಗ್ಲೆನಿಸ್ ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.
‘ಈ ಸಲ ನಿಂತುಕೋ. ಭಾರವೆಲ್ಲ ಬಿಡು.’
ಮಲಗಿದ ಕಾಲು ಸುಳ್ಳು ಹೇಳಿತ್ತು;
ನಿಂತ ಕಾಲು ಬಾಯಿಬಿಟ್ಟಿತು:
ಹೆಬ್ಬೆರಳ ಎಲುಬಿಗೂ ಪಕ್ಕದ್ದಕ್ಕೂ ನಡುವೆ
ಎರಡು ಮಿಲಿಮೀಟರ್ ಕತ್ತಲೆ.

ಡಾಕ್ಟರ್ ಅಡೆಯೆಮಿ ಚೀಟಿಯ ಬೆನ್ನ ಮೇಲೆ ಗೀಚಿ ತೋರಿಸಿದರು.
ಮಿಕ್ಕ ಬೆರಳೆಲುಬುಗಳು ಬುಡದಲ್ಲಿ
ನೆರೆಯವರ ಕೈ ಹಿಡಿದು ನಿಂತಿವೆ.
ಒಂದಕ್ಕೂ ಎರಡಕ್ಕೂ ಮಾತ್ರ ನೇರ ನಂಟಿಲ್ಲ.
ಹೆಬ್ಬೆರಳ ಹಿಂದಿನ ಬೆಣೆ-ಎಲುಬಿನಿಂದ ಓರೆಯಾಗಿ ಬಂದು
ಎರಡನೆಯದರ ಬುಡ ಹಿಡಿದ ಗಟ್ಟಿ ಹುರಿಯೊಂದಿದೆ.
ಆ ಎರಡನೆಯದೇ ಕಮಾನಿನ ನಡುಗಲ್ಲು.
ಹುರಿ ಹರಿದರೆ ಕಲ್ಲು ಸರಿಯುತ್ತದೆ,
ಕಲ್ಲು ಸರಿದರೆ ಪಾದ ಚಪ್ಪಟೆ.
‘ನಿಮ್ಮದು ಹರಿದಿದೆ.’

ಈ ಗುಡ್ಡದ ಗೋಡೆಗಳಿಗೆ ಗಾರೆಯಿಲ್ಲ.
ಕಲ್ಲಿನ ಮೇಲೆ ಕಲ್ಲು ಕೂತ ಭಾರದಲ್ಲೇ
ಅಜ್ಜಂದಿರ ಕಾಲದಿಂದ ಕುರಿ ತಡೆಯುತ್ತಿವೆ.
ನನ್ನ ನಿಲುವೂ ಅಂಥದ್ದೇ ಅಂದುಕೊಂಡಿದ್ದೆ.

ಎರಡು ತಿರುಪು, ಮೂರು ತಿಂಗಳು.
ಚೀಲ ಈಗ ಇನ್ನೊಬ್ಬರ ಹೆಗಲಲ್ಲಿ.
ಕಿಟಕಿಯ ಬಳಿ ಕೂತು ಅಂಚೆಯವನ ಹೆಜ್ಜೆ ಎಣಿಸುತ್ತೇನೆ,
ಮೊದಲು ಹಿಮ್ಮಡಿ, ಆಮೇಲೆ ಅಂಚು, ಕೊನೆಗೆ
ಬೆರಳಿಗೆ ದಾಟುವ ಆ ಒಂದು ಗಳಿಗೆ.
ಅದಕ್ಕೆ ಯಾವ ಸದ್ದೂ ಇಲ್ಲ.

ಎರಡನೇ ಬೆರಳಿಗೇ ಯಾಕೆ ತೊಡಿಸಿದರೆಂದು
ಮದುವೆಯ ದಿನ ಯಾರನ್ನೂ ಕೇಳಿರಲಿಲ್ಲ.
ಉಂಗುರ ಗ್ಲೆನಿಸ್ ಕೊಟ್ಟ ಲಕೋಟೆಯಲ್ಲಿದೆ.
ಮೇಲೆ ನನ್ನ ಹೆಸರು, ಅದೂ ಅರ್ಧ.
ವಿಳಾಸ ಬರೆದಿಲ್ಲ.