ನಾನೂರ ಒಂದು

ವಾಸ್ಕೋ ಬಂದರಿನ ಗೇಟಿನ ಇನಾಸ್
ಒಂಬತ್ತು ವರ್ಷದಿಂದ ನನ್ನ ಮುಖ ಬಲ್ಲ,
ನನ್ನ ಸ್ಕೂಟರಿನ ಕೆಮ್ಮು ಬಲ್ಲ,
ಹೋದ ಮಳೆಗಾಲ ನನಗೆ ಕಾಮಾಲೆಯಾದದ್ದೂ ಬಲ್ಲ.
ಆದರೂ ದಿನಾ ಟಾರ್ಚು ಹಿಡಿದು ಕೇಳುತ್ತಾನೆ:
ಪಾಸ್?
ಮೊದಮೊದಲು ಸಿಟ್ಟು ಬರುತ್ತಿತ್ತು.

ತೂಕದ ಕಟ್ಟೆಯ ಮೇಲೆ ಲಾರಿ ನಿಂತರೆ
ತುಂಬಿದ ತೂಕ, ಖಾಲಿ ತೂಕ, ಕಳೆದುಳಿದ ಕಲ್ಲಿದ್ದಲು
ಮೂರನ್ನೂ ನಾನು ಮೋಡಕ್ಕೆ ಕಳಿಸಬೇಕು.
ಮಳೆ ಸುರಿಸದ ಮೋಡ:
ಎಲ್ಲೋ ಯಾರದೋ ಗೋದಾಮಿನಲ್ಲಿ ಗುಂಯ್‌ಗುಡುವ ಯಂತ್ರಗಳು.
ಅದರ ಬಾಗಿಲಲ್ಲೂ ಒಬ್ಬ ಇನಾಸ್ ಇದ್ದಾನೆ.
ಅವನಿಗೆ ಟಾರ್ಚಿಲ್ಲ,
ಕಾಮಾಲೆ ವಾಸಿಯಾಯಿತೇ ಎಂದು ಕೇಳುವ ಬಾಯಿಯೂ ಇಲ್ಲ.

ಬಿಲ್ಲೆ ಪಡೆಯುವುದು ಹೀಗೆ.
ಗುಟ್ಟಿನ ಕೀಲಿ ಒಂದಿದೆ,
ಹುಟ್ಟಿದ ದಿನ ಒಂದೇ ಸಲ ಮುಖ ತೋರಿಸಿದ್ದು.
ಅದನ್ನು ಯಾರಿಗೂ ಕೊಡಬಾರದು, ಬಾಗಿಲವನಿಗೂ.
ಅದರಿಂದ ಒಂದು ಚೀಟಿಗೆ ಸಹಿ ಹಾಕಬೇಕು:
ನಾನು ಇಂಥವಳು, ಇಷ್ಟೇ ಕೆಲಸಕ್ಕೆ ಬಂದವಳು,
ಬರೆಯಬಲ್ಲೆ, ಅಳಿಸಲಾರೆ,
ಇಷ್ಟು ಗಂಟೆಗೆ ಹೊರಟೆ, ಇಷ್ಟರವರೆಗೆ ಇರುತ್ತೇನೆ.
ಮೂರು ತುಂಡು, ನಡುವೆ ಎರಡು ಚುಕ್ಕೆ.
ಎಲ್ಲ ಚೀಟಿಯೂ ಇ ವೈ ಜೆ ಎಂದೇ ಶುರು,
ಹಿಂದೆ ಕಾಗದಗಳು ಕ್ಷೇಮ ಎಂದು ಶುರುವಾಗುತ್ತಿದ್ದ ಹಾಗೆ.
ಚೀಟಿ ಒಪ್ಪಿಗೆಯಾದರೆ ಬಿಲ್ಲೆ.
ಬಿಲ್ಲೆಯ ಆಯುಷ್ಯ ಮೂರು ಸಾವಿರದ ಆರುನೂರು ಸೆಕೆಂಡು.
ತೀರಿದರೆ ಮತ್ತೆ ಚೀಟಿ, ಮತ್ತೆ ಸಹಿ.

ಮೊನ್ನೆ ರಾತ್ರಿ ಬಹಳ ಹೊತ್ತು ಕರೆಂಟು ಹೋಗಿ ಬಂತು.
ಬಂದ ಮೇಲೆ ಎಲ್ಲದಕ್ಕೂ ಒಂದೇ ಉತ್ತರ: ನಾನೂರ ಒಂದು.
ಎಂದರೆ, ನೀನು ಯಾರೋ ಗೊತ್ತಿಲ್ಲ.
ಹೊಸ ಚೀಟಿ ಬರೆದೆ. ನಾನೂರ ಒಂದು.
ಹಳೆಯ ಕೀಲಿ ರದ್ದು ಮಾಡಿ ಹೊಸದು ತರಿಸಿದೆ.
ನಾನೂರ ಒಂದು.
ಪುಣೆಯ ಹೆಲ್ಪ್‌ಲೈನ್ ಹುಡುಗ ಆಕಳಿಸುತ್ತ
ಎಲ್ಲೋ ಅಕ್ಷರ ಬಿಟ್ಟಿರಬೇಕು ನೋಡಿ ಮೇಡಂ, ಎಂದ.
ನೋಡಿದೆ,
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಂದೊಂದೇ.
ಕಲ್ಲಿರಲಿಲ್ಲ.

ಹೊರಗೆ ನಲವತ್ತು ಲಾರಿ. ಹಾರ್ನು.
ಹೊಸಪೇಟೆಯ ಡ್ರೈವರೊಬ್ಬ ಕಿಟಕಿ ಬಡಿದ:
"ಅಕ್ಕಾ, ಕಲ್ಲಿದ್ದಲೇನ್ ಕರಗೂದಿಲ್ಲ ಬಿಡ್ರಿ,
ನಾ ಕರಗಾಕತ್ತೀನಿ."

ಆಗ ಬೇಲಿಯಾಚೆ ಕಲ್ಲವ್ವ ಗಂಟು ಇಳಿಸಿದಳು.
ಅವಳಿಗೆ ಪಾಸಿಲ್ಲ, ಒಳಗೆ ಬಿಡುವುದಿಲ್ಲ.
ಪುಂಡಿಪಲ್ಯ ಇಟ್ಟು ಸುರುಳಿ ಸುತ್ತಿದ ರೊಟ್ಟಿ
ತಂತಿಯ ಕಿಂಡಿಯಲ್ಲಿ ತೂರಿ ಬರುತ್ತದೆ.
ಯಾರ ಬಾಕಿ ಎಷ್ಟೆಂಬುದು ತಲೆಯಲ್ಲೇ.
"ಇವತ್ತೇನ್ ಇಷ್ಟು ಲಗೂ ಬಂದಿ, ಇನ್ನೂ ಮೂರಾಗಿಲ್ಲ"
ಎಂದೆ, ಪರದೆಯ ಮೂಲೆ ನೋಡುತ್ತ.
ನಕ್ಕಳು.
"ನಾಕು ಹೊಡದ ಮ್ಯಾಲೇ ನಾ ಒಲಿ ಆರ್ಸೂದು, ತಂಗಿ.
ನಿನ್ನ ಡಬ್ಬಿ ನಿದ್ದಿ ಹೊಡದೈತಿ."

ಹೊಡೆದಿತ್ತು.
ಒಳಗಿನ ಗುಂಡಿ ಬ್ಯಾಟರಿ ಸತ್ತು
ಕರೆಂಟಿಲ್ಲದ ಎಪ್ಪತ್ತು ನಿಮಿಷವೂ ಗಡಿಯಾರ ಮಲಗಿತ್ತು,
ಎದ್ದು ಬಿಟ್ಟಲ್ಲಿಂದ ಎಣಿಸತೊಡಗಿತ್ತು.
ಚೀಟಿ ಚೀಟಿಯ ಮೇಲೂ ನಾನು ಬರೆದದ್ದು ಹೋದ ಗಂಟೆ.
ಹೆಸರು ಸರಿ, ಕೀಲಿ ಸರಿ, ಸಹಿ ಸರಿ,
ಹುಟ್ಟುವ ಮೊದಲೇ ಎಲ್ಲದರ ಅವಧಿ ಮುಗಿದಿತ್ತು.

ಮುಳ್ಳು ತಿರುಗಿಸಿದೆ. ಇ ವೈ ಜೆ.
ಇನ್ನೂರು, ಎಂದಿತು ಬಾಗಿಲು. ಕ್ಷಮೆ ಗಿಮೆ ಏನಿಲ್ಲ.
ಮೊದಲ ಲಾರಿ ಕಟ್ಟೆ ಏರಿತು.

ಕಲ್ಲವ್ವ ಕತ್ತಲಲ್ಲೇ ನೋಟು ಸವರಿ
ಇದು ನೂರರದು, ಚಿಲ್ಲರಿ ನಾಳಿಗೆ, ಎಂದು ಹೋದಳು.

ಬೆಳಿಗ್ಗೆ ಗೇಟಿನಲ್ಲಿ ಇನಾಸ್ ಟಾರ್ಚು ಹಿಡಿದ.
ಬಿಸಿಲು ಬಿದ್ದಿತ್ತು, ಆದರೂ ಹಿಡಿದ.
ಪಾಸಿನ ದಿನಾಂಕದ ಮೇಲೆ ಹೆಬ್ಬೆರಳು ಊರಿ
"ನಾಳೆಗೆ ಮುಗೀತದೆ, ಬಾಯ್," ಎಂದ,
"ಫೋಟೋ ಎರಡು ತಾ."