ಗುಂಡಿ ಡಬ್ಬಿಯವನ ಟೋಪಿ

ಗುಂಡಿ ಹಾಕಿಡುವ ತಗಡಿನ ಡಬ್ಬಿಯ ಮುಚ್ಚಳದಲ್ಲಿ
ಅವನಿದ್ದಾನೆ, ಹದಿನೆಂಟು ವರ್ಷದಿಂದ:
ಕೆನ್ನೆ ಉಬ್ಬಿಸಿ ಚೀಲದ ವಾದ್ಯ ಊದುತ್ತ,
ಮೊಣಕಾಲ ತನಕ ಚೌಕುಳಿ ಲಂಗ,
ತಲೆಯ ಮೇಲೆ ದೋಸೆ ಹೊಯ್ದ ಹಾಗೆ ಅಗಲ ಟೋಪಿ,
ನಡುನೆತ್ತಿಗೆ ಕೆಂಪು ಉಂಡೆ.
ಕಾಫಿ ಕೊಳ್ಳಲು ಬಂದ ಸ್ಕಾಟ್ಲೆಂಡಿನ ಸಾಹೇಬರು
ಕ್ಯೂರಿಂಗ್ ವರ್ಕ್ಸಿನವರಿಗೆ ಹಂಚಿದ ಬಿಸ್ಕತ್ತು.
ಬಿಸ್ಕತ್ತು ಆಫೀಸಿನಲ್ಲೇ ಮುಗಿದು
ಡಬ್ಬಿ ಮಾತ್ರ ಗೇಟಿಗೆ ಬಂತು.
ಗೇಟಿನಲ್ಲಿ ಇವರಿದ್ದರು.

ಈ ಧನುರ್ಮಾಸ, ಗಿರಿಯಿಂದ ಚಿಕ್ಕಮಗಳೂರಿಗೆ ಇಳಿದ ಗಾಳಿಗೆ
ರಾತ್ರಿ ಪಾಳಿ ಮುಗಿಸಿ ಬಂದವರು
ಎರಡೂ ಕಿವಿ ಹಿಡಿದುಕೊಂಡು ಕೂತರು,
ಮೇಷ್ಟರ ಕೈಲಿ ಬೈಸಿಕೊಂಡ ಹುಡುಗನ ಹಾಗೆ.
ಮಫ್ಲರು ಜಾರುತ್ತದೆ, ಮಂಕಿ ಟೋಪಿ ಹಾಕಿದರೆ
ಲಾರಿಯ ಹಾರನ್ನು ಕೇಳುವುದಿಲ್ಲವಂತೆ.
ಹುಕ್ಕು ಹುಡುಕುತ್ತಿದ್ದ ನನ್ನ ಕೈ
ಮುಚ್ಚಳದ ಮೇಲೆ ನಿಂತಿತು.

ಬಟ್ಟೆ? ಕಡೂರು ಸಂತೆಯಲ್ಲಿ ಅತ್ತೆ ಕೊಂಡ ಕರಿಕಂಬಳಿ.
ಅಂಚು ಹುಳ ತಿಂದದ್ದು, ನಡು ಗಟ್ಟಿ.
ಬಿಸಿನೀರಲ್ಲಿ ಅದ್ದಿ ಅಂಟುವಾಳದ ನೊರೆಯಲ್ಲಿ ತುಳಿದೆ.
ಇಡೀ ವಠಾರಕ್ಕೆ ನೆಂದ ಕುರಿಯ ವಾಸನೆ.
"ಏನು ಸಿದ್ದಗಂಗಕ್ಕಾ, ಮಂದೆ ತಂದು ಕಟ್ಟಿದಿಯಾ?"
ಮೂಗು ಮುಚ್ಚಿಕೊಂಡೇ ಕೇಳಿದಳು ಫಿಲ್ಲುಬಾಯಿ.
ಒಣಗಿದ ಮೇಲೆ ಕಂಬಳಿ ಒಂದು ಗೇಣು ಕುಗ್ಗಿತ್ತು,
ಎಳೆಗೆ ಎಳೆ ಅಪ್ಪಿಕೊಂಡು
ಕತ್ತರಿಸಿದರೂ ಬಿಚ್ಚದ ಹಾಗೆ.

ರವಿಕೆ, ಪರಕಾರ, ಅರ್ಧ ಬೀದಿಯ ಯೂನಿಫಾರಂ ಹೊಲಿದವಳು ನಾನು.
ಎದೆ, ಸೊಂಟ, ತೋಳು, ಊರಿನ ಅಳತೆಯೆಲ್ಲ
ಹಳೇ ಕ್ಯಾಲೆಂಡರಿನ ಬೆನ್ನಿನಲ್ಲಿದೆ.
ತಲೆಯ ಅಳತೆ ಮಾತ್ರ ಯಾರೂ ಕೊಟ್ಟಿರಲಿಲ್ಲ.
ಹಗಲು ನಿದ್ದೆಯಲ್ಲಿದ್ದವರ ಹಣೆಗೆ ಮೆಲ್ಲಗೆ ಟೇಪು ಸುತ್ತಿದೆ.
ಬಾಸಿಂಗ ಕಟ್ಟಿದ್ದ ಹಣೆ.
ಅಂದು ತಲೆ ತಗ್ಗಿಸಿದ್ದೆ, ಸರಿಯಾಗಿ ನೋಡಿರಲಿಲ್ಲ.
ಎಡಗಿವಿಯ ಹಿಂದೊಂದು ಹೊಲಿಗೆ ಹಾಕಿದ ಗುರುತು,
ಒರಟು ಕೈಯವನು ಹಾಕಿದ್ದು, ಮೂರೇ ಟಾಕ.
ಯಾವಾಗಿನದೋ. ನನಗೆ ಹೇಳಿಲ್ಲ.
ಇಪ್ಪತ್ತೆರಡೂವರೆ ಇಂಚು.

ಊಟದ ತಟ್ಟೆ ಬೋರಲಿಟ್ಟು ಸೀಮೆಸುಣ್ಣದ ಗೆರೆ,
ಎರಡು ಚಂದ್ರ.
ಒಂದರ ಹೊಟ್ಟೆಯಲ್ಲಿ ಸಾರಿನ ಪಾತ್ರೆಯ ಮುಚ್ಚಳದಷ್ಟು ತೂತು.
ಸುತ್ತ ಕೂಡಿಸಿ ಹೊಲಿದು, ಒಳಗು ಹೊರಗೆ ತಿರುವಿ,
ಹಣೆಪಟ್ಟಿ ಮಡಿಸಿ ಕೂರಿಸಿ
ತೊಡಿಸಿದೆ.
ಮೂಗಿನ ತನಕ ಇಳಿಯಿತು.
ಉಣ್ಣೆ ಹಿಗ್ಗುತ್ತದೆ ಎನ್ನುವುದನ್ನು
ಮೂವತ್ತು ವರ್ಷ ಬರೀ ಹತ್ತಿ ಹೊಲಿದ ಕೈ ಮರೆತಿತ್ತು.
ಕತ್ತಲೊಳಗಿಂದ ಇವರ ದನಿ ಬಂತು:
"ಕೊನೆಗೂ ನನಗೇ ಟೋಪಿ ಹಾಕಿದೆ."

ನಕ್ಕೆ. ಇವರು ಪಾಳಿಗೆ ಹೋದ ಮೇಲೆ ನಗು ಬರಲಿಲ್ಲ.
ಇನ್ನೊಂದು ಟೋಪಿಗೆ ಕಂಬಳಿ ಉಳಿದಿಲ್ಲ.
ದೀಪದ ಕೆಳಗೆ ಮುಚ್ಚಳ ಹಿಡಿದು ನೋಡಿದೆ:
ಅವನ ಹೆಡಕಿನ ಮೇಲೆ ಹಾರುವ ಎರಡು ಕಪ್ಪು ಪಟ್ಟಿ.
ಹದಿನೆಂಟು ವರ್ಷ ಅದನ್ನು ಶೋಕಿ ಎಂದುಕೊಂಡಿದ್ದೆ.
ಅಯ್ಯೋ, ಲಾಡಿ!
ನಮ್ಮ ಪರಕಾರಕ್ಕೆ ಪೋಣಿಸುವ ಅದೇ ಲಾಡಿ.
ಆ ಚಳಿ ನಾಡಿನಲ್ಲಿ ಯಾವಳೋ
ಇಂಥದೇ ಮಂಕು ಬೆಳಕಲ್ಲಿ ಜಾಸ್ತಿ ಕತ್ತರಿಸಿರಬೇಕು,
ಗಂಡನ ಮುಂದೆ ಒಪ್ಪಿಕೊಳ್ಳದೆ
ಪಟ್ಟಿಯೊಳಗೆ ದಾರ ತೂರಿಸಿ ಎಳೆದು ಬಿಗಿದಿರಬೇಕು.
ಊರೆಲ್ಲ ಹಾಗೇ ಹೊಲಿಯಿತೇನೋ ಆಮೇಲೆ.
ಪಿನ್ನಿಗೆ ಕಪ್ಪು ರಿಬ್ಬನ್ನು ಸಿಕ್ಕಿಸಿ ನಾನೂ ತೂರಿಸಿದೆ.

ಕೆಂಪುಂಡೆ ಇವರೇ ಬೇಡವೆಂದರು.
"ವಾಲಗದವನ ಥರ ಕಾಣ್ತೀನಿ."
ಮಗಳ ಹಳೇ ಸ್ವೆಟರು ಬಿಚ್ಚಿ
ಎರಡು ಬೆರಳಿಗೆ ಸುತ್ತಿ ಕಟ್ಟಿದ್ದೆ; ಸುಮ್ಮನೆ ಡಬ್ಬಿಗೆ ಹಾಕಿದೆ.

ಮೊದಲ ರಾತ್ರಿ ಗೇಟಿನ ನಾಯಿಗಳು ಬೊಗಳಿದವಂತೆ,
ತಾವೇ ಅನ್ನ ಹಾಕಿ ಸಾಕಿದವು.
ಎರಡನೆಯ ರಾತ್ರಿ ಟೋಪಿಯನ್ನು ಮೂಸಿದವಂತೆ.
ಲಾರಿಯವರು "ದೊರೆ, ಗೇಟು" ಎನ್ನುತ್ತಾರಂತೆ.
ಹೇಳುವಾಗ ಬೇಜಾರಿನ ಮುಖ ಮಾಡುತ್ತಾರೆ, ಸರಿಯಾಗಿ ಬರುವುದಿಲ್ಲ.

ಇವತ್ತು ಬೆಳಿಗ್ಗೆ ಟೋಪಿಯ ತುಂಬ ಕಾಫಿಬೀಜದ ಹೊಟ್ಟು.
ಕೊಡವಿ, ಮೊಳೆಗೆ ತಗುಲಿಸಿ,
ಕಾಫಿ ಕುಡಿದು, ಲೋಟ ತೊಳೆದಿಟ್ಟು,
ಹಾಸಿಗೆಗೆ ಹೋಗುವ ಮುಂಚೆ
ಎಲ್ಲೋ ನೋಡುತ್ತ ಕೇಳಿದರು:
"ಆ ಉಂಡೆ ಬಿಸಾಕಿದೆಯಾ?"
ಬಾಯಲ್ಲಿ ಸೂಜಿಯಿತ್ತು.
ಗದ್ದದಲ್ಲೇ ಡಬ್ಬಿ ತೋರಿಸಿದೆ.