ಸಾಲಿನ ಕೆಳಗಿನ ಜಾಗ

ಸಹಕಾರಿ ಬ್ಯಾಂಕಿನ ಪಾಸ್‌ಬುಕ್ಕಿಗೆ
ಒಂದೇ ಮನೆತನದ ಎರಡು ಲಿಪಿ ಬೇಕು ಅಂದರು:
ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ,
ಯಾರೂ ಯಾರಿಗಿಂತ ದೊಡ್ಡದಾಗಿ ಕಾಣಬಾರದು,
ಕಂಡರೆ ಮಹಾಸಭೆಯಲ್ಲಿ ಮೈಕು ಹಿಡಿಯುವವರಿದ್ದಾರೆ.

ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಬೈಂಡಿಂಗ್ ಅಂಗಡಿಯ ಮಾಳಿಗೆಯಲ್ಲಿ
ಮೈದಾ ಅಂಟಿನ ವಾಸನೆಯ ಮೇಲೆ ಕೂತು
ಏಳು ತಿಂಗಳಿಂದ ಊರಿನ ಹೆಸರನ್ನೇ ಬರೆಯುತ್ತಿದ್ದೇನೆ.
ಕಾಸರಗೋಡು: ನಮ್ಮ ಡು ಬಾಲ ಬೀಸಿ ಮುಗಿಯುತ್ತದೆ.
ಅವರ ಡ್ ಮುಗಿಯುವುದಿಲ್ಲ, ತಲೆಯ ಮೇಲೊಂದು
ತುಂಡು ಚಂದ್ರನನ್ನಿಟ್ಟುಕೊಂಡು ಅರ್ಧ ಉಸಿರಿಗೆ ನಿಲ್ಲುತ್ತದೆ.

ನಮ್ಮ ಗ-ದ ತಲೆಕಟ್ಟು ಬಿಚ್ಚಿ
ಕಾಲಿನ ತುದಿಗಳನ್ನು ಒಳಗೆ ಸುರುಟಿದರೆ
ಹೆಚ್ಚುಕಡಿಮೆ ಅವರ ರ.
ಹೆಚ್ಚುಕಡಿಮೆ ಅನ್ನುವಲ್ಲೇ ಮಾರ್ಚ್ ಕಳೆಯಿತು.
ತಲೆಕಟ್ಟು ತೋರ ಮಾಡಿದರೆ ಕನ್ನಡ ಮುಂಡಾಸು ಸುತ್ತಿ ಕೂತ ಹಾಗೆ,
ಸಪೂರ ಮಾಡಿದರೆ ಜ್ವರ ಬಿಟ್ಟೆದ್ದ ಹಾಗೆ.
ಅತ್ತ ಮಲಯಾಳದ ಉರುಟುಗಳಿಗೆ ಎಲ್ಲಿ ಕೊಡಲಿ ಸೆರಿಫ್?

'ಅದೆಂತ ಸೆರಿಫ್?' ಕೇಳಿದರು ಕುಂಞಂಬಣ್ಣ,
ನಲ್ವತ್ತು ವರ್ಷ ಬಸ್ಸುಗಳ ಹಣೆಬರಹ ಬರೆದವರು.
ಗೆರೆ ನಿಲ್ಲುವ ಮೊದಲು ಊರುವ ಕಾಲು, ಅಂದೆ.
'ಓ, ಬ್ರಶ್ ಎತ್ತುವಾಗಿನ ಒಂದು ಒತ್ತು!'
ಬೆರಳನ್ನು ಚಹಾದಲ್ಲಿ ಅದ್ದಿ ಮೇಜಿನ ಮೇಲೆ ಎಳೆದರು.
ತೋರದಿಂದ ಸಪೂರಕ್ಕೆ, ಸಪೂರದಿಂದ ತೋರಕ್ಕೆ,
ಎಲ್ಲೂ ಕೀಲು ಕಾಣದ ಹಾಗೆ.
ಫೋಟೋ ತೆಗೆಯುವಷ್ಟರಲ್ಲಿ ಫ್ಯಾನು ಅರ್ಧ ಒಣಗಿಸಿತ್ತು.

ಆದರೂ ಜಗಳ ಉಳಿದದ್ದು ಸಾಲಿನ ಕೆಳಗೆ.
ಕನ್ನಡಕ್ಕೆ ಒತ್ತಕ್ಷರ: ಬಡ್ಡಿಗೆ ಜೋತ ಡ, ರೊಕ್ಕಕ್ಕೆ ಜೋತ ಕ,
ನೆಲಮಾಳಿಗೆ ತೋಡಲೇಬೇಕು.
ಅಷ್ಟೇ ಆಳ ಮಲಯಾಳಕ್ಕೂ ಬಿಟ್ಟರೆ
ಬಹುಪಾಲು ಖಾಲಿ,
ಬಾಡಿಗೆಗೆ ಜನ ಸಿಗದ ಕೋಣೆ.

ಕುಂಞಂಬಣ್ಣ ಕನ್ನಡಕ ತೆಗೆದು ಕಾಗದವನ್ನು ಮೂಗಿಗೆ ಹಿಡಿದರು.
'ಖಾಲಿ ಅಲ್ಲ. ಅಲ್ಲಿ ನಮ್ಮವೂ ಇದ್ದವು.
ಟೈಪ್‌ರೈಟರಿನಲ್ಲಿ ಹಿಡಿಯುವುದಿಲ್ಲ ಅಂತ
ಮೇಲೆ ಕರೆದು ಸಾಲಿನಲ್ಲಿ ನಿಲ್ಲಿಸಿದರು.
ನಾನಾಗ ಮೂರನೇ ಕ್ಲಾಸು.
ಒಂದು ವರ್ಷ ಸ್ಲೇಟಿನಲ್ಲಿ ಹೀಗೆ, ಮರುವರ್ಷ ಹಾಗೆ.
ಎರಡಕ್ಕೂ ಪೆಟ್ಟು ತಿಂದಿದ್ದೇನೆ.'

ಆ ರಾತ್ರಿ ಹಳೆ ಲಿಪಿಯ ಜೋಡಿಗಳನ್ನು
ಒಂದೊಂದಾಗಿ ಕೆಳಗಿಳಿಸಿದೆ.
ಮೆಟ್ಟಿಲು ಮರೆತಿರಲಿಲ್ಲ ಅವು.
ಬೆಳಗಿನ ಜಾವ, ಮಂಗಳೂರು ಕಡೆಯ ರೈಲು
ಚಂದ್ರಗಿರಿ ದಾಟುವ ಸದ್ದಿಗೆ,
ಎರಡು ಸಾಲುಗಳೂ ಒಂದೇ ತೂಕದ ಕಪ್ಪಾಗಿ ಕಂಡವು,
ಕಣ್ಣು ಕಿರಿದು ಮಾಡಿದರೆ ಯಾವುದು ಯಾವುದೆಂದು ತಿಳಿಯದಷ್ಟು.

ಅನುಸ್ವಾರಕ್ಕೆ ಮಾತ್ರ ಎರಡು ಸಲ ಬೆವರಬೇಕಿರಲಿಲ್ಲ.
ಅವರ ಅಂ-ಗೂ ನಮ್ಮ ಅಂ-ಗೂ ಅದೇ ಸೊನ್ನೆ.
ಒಮ್ಮೆ ಬರೆದು ಎರಡೂ ಕಡೆ ಇಟ್ಟುಕೊಳ್ಳೋಣ ಅಂದರೆ
ಕಂಪ್ಯೂಟರ್ ಒಪ್ಪಲಿಲ್ಲ, ಬೇರೆ ಬೇರೆ ನಂಬರು ಕೇಳಿತು.
ಕೊಟ್ಟೆ.
ಒಂದೇ ಸೊನ್ನೆ, ಎರಡು ರೇಷನ್ ಕಾರ್ಡು.

ಮೊದಲ ಪ್ರತಿ ಒಯ್ದಾಗ ಕಾರ್ಯದರ್ಶಿ ನಫೀಸತ್ತಾ
ಕನ್ನಡವನ್ನೂ ನೋಡಲಿಲ್ಲ, ಮಲಯಾಳವನ್ನೂ.
ಕೊನೆಯ ಕಾಲಮ್ಮಿನ ಮೇಲೆ ಉಗುರಿಟ್ಟು
'ಈ ಅಂಕಿಗಳು ಮಾತ್ರ ಬೋಳು ಕಾಣುತ್ತವಲ್ಲ,' ಅಂದರು,
'ಜನ ಓದುವುದು ಇದನ್ನೇ.'

ಎಂಟನೇ ತಿಂಗಳು.
ಇಂಗ್ಲಿಷಿನ ಒಂದಕ್ಕೆ ಕಾಲು ಬರೆಯುತ್ತಿದ್ದೇನೆ.